ಕಲ್ಲಿನಲ್ಲಿ ಹೊಳೆ ಹುಡುಕುವವರಿಗೆ

ಸಿದ್ದರಬೆಟ್ಟ ಹತ್ತುವಾಗ ಗುಂಡುಗಳ ಮೈ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಎದ್ದಿರುವುದು ಕಾಣುತ್ತದೆ. ಇದನ್ನೇ ಹಿಂದೆಂದೋ ನೀರು ಹರಿದ ಗುರುತು ಎಂದು ಹೊಸಬರು ತಿಳಿಯುವುದುಂಟು. ಅಲ್ಲ. ಇದು ಕ್ಲೋಸ್‌ಪೇಟೆ ಗ್ರಾನೈಟ್, ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸ ತಣಿದು ಗಟ್ಟಿಯಾದದ್ದು. ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ, ನೀರಲ್ಲಿ ಉರುಳಿ ಸವೆದ ಕಾಳು ಒಂದೂ ಇಲ್ಲ. ಗುಂಡು ಬಾಗಿದ ಕಡೆಗೇ ಸಿಪ್ಪೆಯೂ ಬಾಗುತ್ತದೆ. ನೀರು ಹಾಸಿದ ಪದರಕ್ಕೆ ಬಂಡೆಯ ಈಗಿನ ಆಕಾರದ ಹಂಗಿಲ್ಲ.

ಪಾಠ ಬೆಟ್ಟದ ಮೇಲಲ್ಲ, ಕೆಳಗಿದೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಗೆ ಬರುವ ಜಯಮಂಗಲಿಯಲ್ಲಿ ನೀರು ಬಂದು ಇಳಿದ ಮೇಲೆ ಮರಳಿಗಿಳಿಯಿರಿ, ಮರಳು ಇನ್ನೂ ಉಳಿದಿರುವ ಕಡೆ. ಸಾಲು ಸಾಲು ಏಣುಗಳಿರುತ್ತವೆ: ಒಂದು ಮೈ ಇಳಿಜಾರು, ಇನ್ನೊಂದು ಕಡಿದು. ಕಡಿದಾದ ಮೈ ನೀರು ಹೋದ ದಿಕ್ಕಿಗಿದೆ. ಕೆರೆಯಂಚಿನಲ್ಲಿ ಅಲೆ ಹೋಗಿಬರುವುದರಿಂದ ಏಣಿನ ಎರಡೂ ಮೈ ಒಂದೇ ಸಮ. ಇನ್ನು ಒದ್ದೆ ಏಣೊಂದನ್ನು ಚಾಕುವಿನಿಂದ ನೆಟ್ಟಗೆ ಕೊಯ್ಯಿರಿ. ಕಾಳುಗಳು ನೆತ್ತಿ ಹತ್ತಿ ಆಚೆ ಜಾರಿದ್ದಕ್ಕೆ ಒಳಗೆ ಓರೆಗೆರೆಗಳೇ ಸಾಕ್ಷಿ.

ಇಷ್ಟು ಕಣ್ಣಿಗೆ ಹತ್ತಿತೆಂದರೆ ಬಾದಾಮಿಗೆ ಹೊರಡಿ. ಮಂಗಳೇಶನ 578ರ ಶಾಸನವಿರುವ ಮೂರನೆಯ ಗುಹೆಗೆ ಎಲ್ಲರೂ ವಿಷ್ಣುವನ್ನು ನೋಡಲು ಹೋಗುತ್ತಾರೆ, ನೋಡಲೇಬೇಕು. ಆದರೆ ಕಂಬ, ಗೋಡೆಗಳ ಕೆಂಪು ಮರಳುಗಲ್ಲಿನಲ್ಲಿ ಜಯಮಂಗಲಿಯ ಓರೆಗೆರೆಗಳೇ ದೊಡ್ಡದಾಗಿ ಸಿಗುತ್ತವೆ. ಅವು ಕೆಳಗೆ ಬಾಗಿ ತಳ ಮುಟ್ಟುತ್ತವೆ. ಮೇಲ್ತುದಿಯನ್ನು ಮಾತ್ರ ಮುಂದಿನ ಪ್ರವಾಹ ಸವರಿಹಾಕಿರುತ್ತದೆ. ಎಲ್ಲಾದರೂ ಇದು ತಿರುವುಮುರುವಾಗಿ ಕಂಡರೆ ಆ ಬಂಡೆಯೇ ತಲೆಕೆಳಗಾಗಿದೆ ಎಂದರ್ಥ. ಬಾದಾಮಿಯಲ್ಲಿ ಆ ಗೊಂದಲವಿಲ್ಲ, ಮುಖ್ಯ ಪದರಗಳು ಹೆಚ್ಚುಕಡಿಮೆ ಮಟ್ಟಸ. ಕಲ್ಲಿನಲ್ಲಿ ಓರೆ 34 ಡಿಗ್ರಿಯನ್ನು ಚೆನ್ನಾಗಿ ಮೀರಿದ್ದರೆ ನೆಲ ಆಮೇಲೆ ವಾಲಿತೇ ಎಂದು ಅನುಮಾನಿಸಿ. ಸಡಿಲ ಮರಳು ಅಷ್ಟು ಕಡಿದಾಗಿ ನಿಲ್ಲದು.

ಕಲ್ಲಿನ ಕೆಂಪು ಕಬ್ಬಿಣದ ತುಕ್ಕಿನದು. ಬಣ್ಣ ನೋಡಿ ಮರುಭೂಮಿ ಎನ್ನುವ ಆತುರ ಬೇಡ. ಇದು ಬಹುಪಾಲು ಹೊಳೆಯ ಮರಳು. ನೆಲದ ಮೇಲೆ ಗಿಡವೇ ಇಲ್ಲದ ಕಾಲ ಅದು. ದಡ ಹಿಡಿಯಲು ಬೇರುಗಳಿಲ್ಲದೆ ನೀರು ಒಂದು ಪಾತ್ರದಲ್ಲಿ ನಿಲ್ಲದೆ ಹತ್ತಾರು ಕವಲಾಗಿ ಹರಡಿ ಹರಿಯುತ್ತಿತ್ತು. ಹಾಗಾಗಿ ಒಂದು ಗೋಡೆಯ ಓರೆ ನೋಡಿ ನದಿಯ ದಿಕ್ಕು ಹೇಳಬೇಡಿ. ದಿಕ್ಸೂಚಿ ಹಿಡಿದು ಹಲವು ಕಡೆ ಅಳೆದು, ಹೆಚ್ಚಿನವು ಎತ್ತ ತೋರುತ್ತವೆ ನೋಡಿ. ಸಂರಕ್ಷಿತ ಸ್ಮಾರಕವಾದ್ದರಿಂದ ಸುತ್ತಿಗೆ ಮಾತ್ರ ಮನೆಯಲ್ಲೇ ಇರಲಿ.