ನಕಲಿಯ ಹೆದರಿಕೆ, ಅಸಲಿಗೆ ದಂಡ

ಅಂಗವಿಕಲರ ವೇತನದ ಮಾತು ಬಂದರೆ ಸಾಕು, ಹೋಟೆಲ್ಲಿನ ಮೇಜಿನಿಂದ ಹಿಡಿದು ಟಿವಿ ಚರ್ಚೆಯವರೆಗೆ ಒಂದೇ ರಾಗ: ‘ಅರ್ಧಕ್ಕರ್ಧ ಬೋಗಸ್ಸು ಕಣ್ರೀ, ಕೈಕಾಲು ಗಟ್ಟಿ ಇದ್ದವರೆಲ್ಲ ಸರ್ಟಿಫಿಕೇಟ್ ಮಾಡಿಸ್ಕೊಂಡಿದ್ದಾರೆ.’ 2024ರಲ್ಲಿ ಐಎಎಸ್ ಪ್ರೊಬೇಷನರ್ ಒಬ್ಬರ ಪ್ರಮಾಣಪತ್ರದ ಬಗ್ಗೆ ದೇಶವಿಡೀ ಗದ್ದಲವೆದ್ದ ಮೇಲಂತೂ ‘ತಪಾಸಣೆ ಬಿಗಿ ಮಾಡಿ’ ಎನ್ನುವುದನ್ನು ಯಾರೂ ಎದುರಾಡದ ಮಾತನ್ನಾಗಿ ಮಾಡಿಕೊಂಡಿದ್ದೇವೆ. ನಾನು ಎದುರಾಡುತ್ತೇನೆ.

ರಾಷ್ಟ್ರೀಯ ಮಾದರಿ ಸಮೀಕ್ಷೆಯ 76ನೇ ಸುತ್ತು 2018ರಲ್ಲಿ ನಡೆಯಿತು. ದೇಶದ ಅಂಗವಿಕಲರಲ್ಲಿ ಪ್ರಮಾಣಪತ್ರ ಇದ್ದವರು ಶೇ 28.8 ಮಾತ್ರ ಎಂದು ಅದು ಹೇಳಿತು. ಸರ್ಕಾರದಿಂದ ಏನಾದರೊಂದು ನೆರವು ಸಿಕ್ಕವರು ಶೇ 21.8. ಉಳಿದವರೆಲ್ಲ ಸೌಲಭ್ಯಕ್ಕೆ ಅರ್ಹರೇ ಆಗಿರಲಾರರು, ಒಪ್ಪೋಣ. ಆದರೂ ನೂರಕ್ಕೆ ಎಪ್ಪತ್ತು ಜನ ಬಾಗಿಲ ಹೊರಗೇ ನಿಂತಿರುವ ಮನೆಯಲ್ಲಿ ನಾವು ಚರ್ಚಿಸುತ್ತಿರುವುದು ಮಾತ್ರ ಒಳಗೆ ನುಸುಳಿದವರನ್ನು ಕುರಿತು.

ಬಿಗಿ ತಪಾಸಣೆ ಎಂದರೆ ನಿಜವಾಗಿ ಏನು? 2021ರ ಜೂನ್‌ನಿಂದ ಪ್ರಮಾಣಪತ್ರವನ್ನು ಅಂಗವಿಕಲರ ವಿಶಿಷ್ಟ ಗುರುತಿನ ಕಾರ್ಡಿನ (ಯುಡಿಐಡಿ) ಪೋರ್ಟಲ್ ಮೂಲಕವೇ ಪಡೆಯಬೇಕು. ಸೈಬರ್ ಸೆಂಟರಿನವನಿಗೆ ದುಡ್ಡು ಕೊಟ್ಟು ಅರ್ಜಿ ಹಾಕಿಸಬೇಕು, ವೈದ್ಯಕೀಯ ಬೋರ್ಡು ಕೂರುವ ದಿನ ಕಾದು ಆಸ್ಪತ್ರೆಗೆ ಹೋಗಬೇಕು. ನಡೆಯಲಾಗದವರ ಜೊತೆ ಮನೆಯವರೊಬ್ಬರು ಹೊರಡಲೇಬೇಕು. ಅವರ ಆ ದಿನದ ಕೂಲಿ ಹೋಯಿತು, ಬಸ್ಸು ಆಟೋ ಖರ್ಚು ಬೇರೆ. ಕಾರ್ಡು ಬಂದಮೇಲೆ ವೇತನಕ್ಕೆ ಇನ್ನೊಂದು ಸುತ್ತು: ಆದಾಯ ಪ್ರಮಾಣಪತ್ರ, ನಾಡಕಚೇರಿ, ಗ್ರಾಮ ಆಡಳಿತಾಧಿಕಾರಿಯ ವರದಿ, ಆಧಾರ್ ಜೋಡಣೆಯಾದ ಖಾತೆ. ಈ ದಾರಿಯಲ್ಲಿ ಸೋತು ಮನೆಗೆ ಮರಳುವವರು ಯಾರು? ಸುಳ್ಳು ಹೇಳುವವನಿಗೆ ಓಡಾಡಲು ಕಾಲಿದೆ, ದಲ್ಲಾಳಿಗೆ ಕೊಡಲು ಕಾಸಿದೆ. ಒಂದು ಮೆಟ್ಟಿಲು ಹೆಚ್ಚಿಸಿದರೆ ದಲ್ಲಾಳಿಯ ದರ ಏರುತ್ತದೆ, ಅಷ್ಟೇ. ಈ ಜರಡಿ ಸುಳ್ಳು ನಿಜಗಳನ್ನಲ್ಲ, ಓಡಾಡುವ ತ್ರಾಣ ಇದ್ದವರನ್ನೂ ಇಲ್ಲದವರನ್ನೂ ಬೇರ್ಪಡಿಸುತ್ತದೆ. ತ್ರಾಣ ಇಲ್ಲವೆಂದೇ ಅಲ್ಲವೇ ಅವರು ಅರ್ಜಿ ಹಾಕಿದ್ದು?

2024ರ ಅಕ್ಟೋಬರ್‌ನಲ್ಲಿ ಕೇಂದ್ರ ನಿಯಮ ತಿದ್ದಿತು. ಪ್ರಮಾಣಪತ್ರ ಕೊಡಲು ಒಂದು ತಿಂಗಳಿದ್ದ ಗಡುವು ಮೂರು ತಿಂಗಳಾಯಿತು. ಎರಡು ವರ್ಷವಾದರೂ ವೈದ್ಯಕೀಯ ಪ್ರಾಧಿಕಾರ ತೀರ್ಮಾನಿಸದಿದ್ದರೆ ಅರ್ಜಿಯೇ ನಿಷ್ಕ್ರಿಯವಾಗುತ್ತದೆ. ತಡಮಾಡಿದ್ದು ಕಚೇರಿ, ಮತ್ತೆ ಎಡತಾಕಬೇಕಾದವನು ಅರ್ಜಿದಾರ.

ಇನ್ನು ಪರ್ಸೆಂಟೇಜಿನ ವಿಷಯ. ಊರಲ್ಲಿ ಬೋರ್ಡಿಗೆ ಹೋಗಿಬಂದವರನ್ನು ಯಾರೂ ‘ಏನಾಗಿದೆ’ ಎಂದು ಕೇಳುವುದಿಲ್ಲ, ‘ಎಷ್ಟು ಪರ್ಸೆಂಟ್ ಹಾಕಿದ್ರು’ ಎಂದೇ ಕೇಳುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯದ ಬಗೆಗಳನ್ನು ಏಳರಿಂದ 21ಕ್ಕೆ ಏರಿಸಿತು, ದೊಡ್ಡ ಹೆಜ್ಜೆಯೇ. ಆದರೆ ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯುವುದು ಶೇ 40ರ ಮೇಲೆ. ಅಂಗವೈಕಲ್ಯ ಅಳೆಯುವ 2018ರ ಮಾರ್ಗಸೂಚಿಯ ಪ್ರಕಾರ ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ ಶೇ 30. ಎರಡು ಬಗೆಯ ತೊಂದರೆ ಇದ್ದರೆ ಎರಡನ್ನೂ ನೇರವಾಗಿ ಕೂಡುವಂತಿಲ್ಲ, ಅದಕ್ಕೊಂದು ಸೂತ್ರವಿದೆ. ಅದರಂತೆ 30ಕ್ಕೆ 10 ಸೇರಿದರೆ 40 ಆಗುವುದಿಲ್ಲ, 36.7ರ ಹತ್ತಿರ ನಿಲ್ಲುತ್ತದೆ. ವೈದ್ಯಶಾಸ್ತ್ರದ ಮಟ್ಟಿಗೆ ಇದಕ್ಕೆ ಕಾರಣವಿದ್ದೀತು. ಗಾರೆ ಕೆಲಸದ ಮೇಸ್ತ್ರಿ ಒಕ್ಕಣ್ಣಿನವನನ್ನು ಸಾರ್ವೆ ಹತ್ತಿಸದಿರಲು ಯಾವ ಸೂತ್ರವನ್ನೂ ನೋಡುವುದಿಲ್ಲ. ಬೋರ್ಡು ದೇಹವನ್ನು ಅಳೆಯುತ್ತದೆ. ಆ ದೇಹ ಇಟ್ಟುಕೊಂಡು ಈ ಊರಲ್ಲಿ, ಈ ಕಸುಬಿನಲ್ಲಿ ಬದುಕಲು ಎಷ್ಟು ಖರ್ಚು ಎಂಬುದನ್ನು ಅಳೆಯುವವರೇ ಇಲ್ಲ. ಹಿಮೋಫಿಲಿಯಾ ಇದ್ದವರನ್ನು, ಮಾನಸಿಕ ಕಾಯಿಲೆ ಇದ್ದವರನ್ನು ಕಂಡು ‘ಚೆನ್ನಾಗೇ ಓಡಾಡ್ತಾನಲ್ಲ’ ಎನ್ನುವ ಜನ, ಬೋಗಸ್ಸಿನ ಲೆಕ್ಕಕ್ಕೆ ಅವರನ್ನೂ ಸೇರಿಸಿರುತ್ತಾರೆ ಎಂಬುದು ನನ್ನ ಗುಮಾನಿ.

ಇಷ್ಟೆಲ್ಲ ಕಾವಲು ಎಷ್ಟು ದುಡ್ಡಿಗೆ? 2021ರ ಜುಲೈನಲ್ಲಿ ಮುಖ್ಯಮಂತ್ರಿಯಾದ ದಿನವೇ ಬಸವರಾಜ ಬೊಮ್ಮಾಯಿ ಶೇ 40ರಿಂದ 75ರವರೆಗಿನ ಅಂಗವಿಕಲರ ಮಾಸಾಶನವನ್ನು 600ರಿಂದ 800 ರೂಪಾಯಿಗೆ ಏರಿಸಿದರು. ಅದೇ ಘೋಷಣೆಯಲ್ಲಿ ವೃದ್ಧರ ಮಾಸಾಶನವಾದ ಸಂಧ್ಯಾ ಸುರಕ್ಷಾ 1,000ದಿಂದ 1,200 ಆಯಿತು. 2016ರ ಕಾಯ್ದೆಯ 24ನೇ ಸೆಕ್ಷನ್ ಸ್ಪಷ್ಟವಾಗಿದೆ: ಅಂಗವಿಕಲರಿಗೆ ಕೊಡುವ ನೆರವು ಇತರರ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು. 1,200ರ ಮೇಲೆ ಶೇ 25 ಎಂದರೆ 1,500. ನಾವು ಕೊಟ್ಟಿದ್ದು 800, ಅಂದರೆ ವೃದ್ಧರಿಗಿಂತಲೂ ಕಡಿಮೆ. ಕೇಂದ್ರದ ಇಂದಿರಾಗಾಂಧಿ ಅಂಗವಿಕಲ ಪಿಂಚಣಿಯಂತೂ ಶೇ 80ರ ಮೇಲಿನವರಿಗಷ್ಟೇ. 2012ರಲ್ಲಿ ನಿಗದಿಯಾದ ಅದರ ಮೊತ್ತ ತಿಂಗಳಿಗೆ 300 ರೂಪಾಯಿ. ಸರ್ಟಿಫಿಕೇಟಿನಲ್ಲಿ ಒಂದು ಪರ್ಸೆಂಟ್ ತಪ್ಪಿದರೆ ಅರ್ಜಿ ವಾಪಸ್. ಕಾಯ್ದೆ ಹೇಳಿದ ಶೇ 25 ಕೊಡದ ಸರ್ಕಾರವನ್ನು ವಾಪಸ್ ಕಳಿಸುವ ಕೌಂಟರ್ ಎಲ್ಲೂ ಇಲ್ಲ.

ಹಾಗಾದರೆ ಮೋಸವೇ ಇಲ್ಲವೇ? ಇದೆ. ಅದಕ್ಕೆ ಅದೇ ಕಾಯ್ದೆಯಲ್ಲಿ 91ನೇ ಸೆಕ್ಷನ್ ಕೂಡ ಇದೆ: ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬಿದ್ದವರ ಮೇಲೆ, ಸಹಿ ಹಾಕಿಕೊಟ್ಟ ವೈದ್ಯರ ಮೇಲೂ, ಕೇಸು ಹಾಕಿ. ಆದರೆ ಅವರ ನೆಪದಲ್ಲಿ ಉಳಿದವರ ದಾರಿ ಮುಚ್ಚಬೇಡಿ. 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಯುಪಿಎಸ್‌ಸಿ ಇದೇ ದುರುಪಯೋಗದ ವಾದ ಹೂಡಿತ್ತು. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿ ಶೇ 40 ದಾಟಿಲ್ಲ, ಹಾಗಾಗಿ ಲಿಪಿಕಾರರನ್ನು ಕೊಡಲಾಗದು ಎಂಬ ನಿಲುವು ಅದರದು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಯಾರೋ ಕೆಲವರು ದುರುಪಯೋಗ ಮಾಡಿಕೊಂಡಾರೆಂಬ ಶಂಕೆಯನ್ನೇ ಮುಂದಿಟ್ಟು ಹಕ್ಕು ಇರುವವರಿಗೆ ಅದನ್ನು ನಿರಾಕರಿಸುವುದನ್ನು ತಳ್ಳಿಹಾಕಿತು.

ತಪಾಸಣೆ ಬಿಗಿ ಮಾಡುವ ಬದಲು ದಾರಿಯನ್ನು ಸುಲಭ ಮಾಡಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಲು ಕತ್ತರಿಸಿದ ದಿನವೇ ಆ ದಾಖಲೆ ಸರ್ಕಾರದ ಕೈಯಲ್ಲಿರುತ್ತದೆ. ಡಿಸ್ಚಾರ್ಜ್ ಚೀಟಿಯ ಜೊತೆಗೇ ಪ್ರಮಾಣಪತ್ರ ಕೊಡಲು ಏನಡ್ಡಿ? ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಸ್ವತಃ ಅಂಗವಿಕಲರು, ಗೌರವಧನಕ್ಕೆ ದುಡಿಯುವವರು. ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ಅವರಿಗೆ ಗೊತ್ತು. ಬೋರ್ಡಿಗೆ ಬರಲಾಗದವರ ಪಟ್ಟಿಯನ್ನು ಅವರಿಂದ ಪಡೆದು ವೈದ್ಯರನ್ನೇ ಪಂಚಾಯಿತಿಗೆ ಕಳಿಸಬಹುದು. ಇಷ್ಟರ ಮೇಲೂ ಮರುತಪಾಸಣೆ ಬೇಕೇ ಬೇಕು ಎನ್ನುವವರು, ಪ್ರತಿ ಜಿಲ್ಲೆಯಲ್ಲಿ ಪತ್ತೆಯಾದ ನಕಲಿ ಕಾರ್ಡುಗಳ ಪಕ್ಕದಲ್ಲೇ ತಿರಸ್ಕೃತವಾದ ಅರ್ಜಿಗಳು, ತೀರ್ಮಾನವಾಗದೆ ನಿಷ್ಕ್ರಿಯವಾದ ಅರ್ಜಿಗಳು ಎಷ್ಟೆಂದೂ ವರ್ಷಕ್ಕೊಮ್ಮೆ ಪ್ರಕಟಿಸುವಂತೆ ಕೇಳಲಿ. ಆ ಅಂಕಣಗಳನ್ನು ಎದುರಿಗಿಟ್ಟುಕೊಂಡೇ ಬೋಗಸ್ಸಿನ ಬಗ್ಗೆ ಮಾತಾಡೋಣ.