ಬೌಲಿಂಗ್ ಅಂಗಳದ ಬೀಗದ ಕೈ

ರಾಬರ್ಟ್ ಪಟ್ನಮ್ ಅವರ ‘ಬೌಲಿಂಗ್ ಅಲೋನ್’ (2000) ಪುಸ್ತಕವನ್ನು ಸಕಲೇಶಪುರದಲ್ಲಿ ಕೂತು ಓದುವುದೇ ಒಂದು ತಮಾಷೆ. ಇಲ್ಲಿಂದ ಆಲೂರಿನವರೆಗೆ ಬೌಲಿಂಗ್ ಆಡುವವರನ್ನು ನಾನು ಕಂಡಿಲ್ಲ. ಭಾರದ ಚೆಂಡು ಉರುಳಿಸಿ ಹತ್ತು ಪಿನ್ ಕೆಡಹುವ ಈ ಆಟ ನಮ್ಮ ಹುಡುಗರಿಗೆ ಬೆಂಗಳೂರಿನ ಮಾಲುಗಳಲ್ಲಷ್ಟೇ ಪರಿಚಯ. ಆದರೂ ಪುಸ್ತಕ ಪರಕೀಯ ಅನ್ನಿಸಲಿಲ್ಲ.

ಪಟ್ನಮ್ ಹೇಳುವುದಿಷ್ಟು: 1980ರಿಂದ 1993ರೊಳಗೆ ಅಮೆರಿಕದಲ್ಲಿ ಬೌಲಿಂಗ್ ಆಡುವವರು ಶೇ. 10ರಷ್ಟು ಹೆಚ್ಚಿದರು, ವಾರವಾರವೂ ತಂಡ ಕಟ್ಟಿಕೊಂಡು ಆಡುವ ಲೀಗುಗಳು ಮಾತ್ರ ಶೇ. 40ರಷ್ಟು ಕುಸಿದವು. ಲೀಗಿನಲ್ಲಿ ಏನು ಹುಟ್ಟುತ್ತಿತ್ತು ಎಂಬುದಕ್ಕೆ ಮಿಷಿಗನ್‌ನ ಇಬ್ಬರ ಕಥೆ ಕೊಡುತ್ತಾರೆ. 33ರ ಬಿಳಿಯ ಲೆಕ್ಕಿಗ, 64ರ ಕಪ್ಪು ನಿವೃತ್ತ ನೌಕರ. ಪರಿಚಯ ಲೀಗಿನದು ಮಾತ್ರ. ಕಿರಿಯವನು ಹಿರಿಯನಿಗೆ ತನ್ನ ಮೂತ್ರಪಿಂಡ ಕೊಟ್ಟ.

ಈ ಕುಸಿತಕ್ಕೆ ಕಾರಣವೇನು? ಅರ್ಧದಷ್ಟು ಭಾರವನ್ನು ತಲೆಮಾರಿನ ಬದಲಾವಣೆಯ ಮೇಲೆ, ಕಾಲುಭಾಗವನ್ನು ಟೀವಿಯ ಮೇಲೆ ಹೊರಿಸುತ್ತಾರೆ. ದೂರದ ಕಂಪನಿಗಳು ಊರಿನ ವ್ಯಾಪಾರ ನುಂಗುವ ಪ್ರಸ್ತಾಪ ಬರುತ್ತದೆ, ಬೇಗ ಮುಗಿದೂ ಹೋಗುತ್ತದೆ. ನನ್ನ ತಕರಾರು ಇಲ್ಲಿ. ಬಾರದವರನ್ನು ಇಷ್ಟು ವಿಚಾರಿಸುವ ಪುಸ್ತಕ, ಬೀಗದ ಕೈ ಯಾರಲ್ಲಿದೆ ಎಂದು ಸಾಕಷ್ಟು ಕೇಳುವುದಿಲ್ಲ. ಲೀಗಿನವರು ಒಂಟಿ ಆಟಗಾರರ ಮೂರು ಪಟ್ಟು ಬಿಯರು, ಪಿಜ್ಜಾ ಖರ್ಚು ಮಾಡುತ್ತಾರೆ, ಮಾಲೀಕನ ಲಾಭವೂ ಅದರಲ್ಲೇ ಎಂದು ಬರೆದವರು ಅವರೇ. ಆ ಎಳೆಯನ್ನು ಮುಂದಿನ ಮಾಲೀಕರು ಹಿಡಿದರು. ಬೌಲ್‌ಮೋರ್ ಕಂಪನಿ 2013ರಲ್ಲಿ ಎಎಂಎಫ್ ಜೊತೆ ಒಂದಾಯಿತು, ಮರುವರ್ಷ ಬ್ರನ್ಸ್‌ವಿಕ್‌ನ ಅಂಗಳಗಳನ್ನು ಕೊಂಡಿತು. ಬೌಲೆರೊ ಎಂಬ ಹೆಸರಲ್ಲಿ 2019ರಲ್ಲಿ ವೃತ್ತಿಪರ ಆಟಗಾರರ ಸಂಘವನ್ನೇ ಖರೀದಿಸಿತು! ಹುಟ್ಟುಹಬ್ಬದ ಗುಂಪು, ಆಫೀಸಿನ ಗುಂಪು ಒಂದೇ ಸಂಜೆಯಲ್ಲಿ ಉಣ್ಣುತ್ತವೆ, ಕುಡಿಯುತ್ತವೆ. ಅವಕ್ಕೆ ಮುಂದಿನ ಮಂಗಳವಾರ ಮತ್ತೆ ಸೇರುವ ಹಂಗಿಲ್ಲ.

ಹಾಗಂತ ಹಳೆಯ ಮಾಲೀಕನಿಗೆ ಆರತಿ ಎತ್ತಲಾರೆ. ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ 1950ರವರೆಗೆ ಬಿಳಿಯರಿಗಷ್ಟೇ ಸದಸ್ಯತ್ವ ಕೊಡುತ್ತಿತ್ತು. ಆ ನಿಯಮ ಉಳಿದಿದ್ದರೆ ಮಿಷಿಗನ್‌ನ ಆ ಇಬ್ಬರು ಭೇಟಿಯಾಗುತ್ತಲೇ ಇರಲಿಲ್ಲ. ನಮ್ಮ ಕಾಫಿ ಸೀಮೆಯ ಪ್ಲಾಂಟರ್ಸ್ ಕ್ಲಬ್ಬುಗಳೂ ಊರಿನವೇ. ತೋಟದ ಲೈನ್‌ಮನೆಯವರು ಅಲ್ಲಿ ಒಳಗೆ ಹೋದದ್ದು ತಟ್ಟೆ ಲೋಟ ಹಿಡಿದು. ಟೂರಿಂಗ್ ಟಾಕೀಸಿನ ಡೇರೆ ಎಲ್ಲರನ್ನೂ ಒಳಗೆ ಬಿಟ್ಟುಕೊಂಡಿತು, ನೆಲ, ಬೆಂಚು, ಕುರ್ಚಿ ಎಂದು ವಿಂಗಡಿಸಿ. ನೆಲದವರೂ ಕುರ್ಚಿಯವರೂ ಒಂದೇ ಹಾಡಿಗೆ ಶಿಳ್ಳೆ ಹಾಕಿದರು ಎನ್ನುವುದು ಸಣ್ಣ ಮಾತಲ್ಲ.

ನಮ್ಮಲ್ಲಿ ಬೌಲಿಂಗ್ ಅಂಗಳದ ಜಾಗದಲ್ಲಿರುವುದು ಸಿನಿಮಾ. ಪಿವಿಆರ್ 2012ರಲ್ಲಿ ಸಿನಿಮ್ಯಾಕ್ಸ್ ಕೊಂಡಿತು, 2018ರಲ್ಲಿ ಚೆನ್ನೈನ ಸತ್ಯಂ ಚಿತ್ರಮಂದಿರಗಳ ಒಡೆಯ ಎಸ್‌ಪಿಐಯನ್ನು, 2023ರಲ್ಲಿ ಐನಾಕ್ಸ್ ಜೊತೆ ವಿಲೀನವಾಯಿತು. ಇಲ್ಲಿ ಜಾತಿ ಕೇಳುವವರಿಲ್ಲ, ನಿಜ. ಕೇಳುವುದು ದುಡ್ಡನ್ನು. ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು. ಎರಡು ವಾರದೊಳಗೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಪಾಪ್‌ಕಾರ್ನ್‌ನ ಮಾತು ಆ ಮಿತಿಯೊಳಗೆ ಇರಲೂ ಇಲ್ಲ. ಪಟ್ನಮ್ ಹೇಳಿದ ಪಿಜ್ಜಾ ಲೆಕ್ಕ ಇದೇ.

2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ತೋಟದಲ್ಲಿ ಕಾಫಿ ಕುಯ್ಯುವ ತಾಯಿ ಸಕಲೇಶಪುರದಿಂದ ಬೆಂಗಳೂರಿನ ಮಗಳ ಮನೆಗೆ ಪುಕ್ಕಟೆ ಹೋಗಿಬರಬಹುದು. ಮಗಳು ಅಲ್ಲಿ ಸಿನಿಮಾಕ್ಕೆ ಕರೆದರೆ, ಎಷ್ಟಂತೆ ಎಂದು ಕೇಳಿ, ಟೀವಿಯಲ್ಲಿ ಬರ್ತದಲ್ಲ ಬಿಡವ್ವ ಅಂತಾಳೆ. ಪಟ್ನಮ್ ಅವರ ಲೆಕ್ಕದಲ್ಲಿ ಅವಳು ಟೀವಿಯ ಕಾಲುಭಾಗಕ್ಕೆ ಸೇರುತ್ತಾಳೆ.