ಕಾಯುವವರ ಕೈಯಲ್ಲಿ ಕಡತವಿಲ್ಲ

ಪರದೇಶದ ಸರ್ಕಾರ ತನ್ನ ನೆಲಕ್ಕೆ ಯಾರು ಬರಬೇಕೆಂದು ನೋಡಿ ಆರಿಸಿಕೊಳ್ಳುವುದು ಅದರ ಹಕ್ಕು. ನೋಡುವುದಕ್ಕೆ ಸಮಯ ಹಿಡಿಯುವುದೂ ಸಹಜ. ಹಾಗಾಗಿ ಪರಿಣತ ಕೆಲಸಗಾರರಿಗೆ ಕಂಪನಿಗಳ ಮೂಲಕ ಅಮೆರಿಕ ಕೊಡುವ ಎಚ್-1ಬಿ ವೀಸಾ ಎಷ್ಟು ತಿಂಗಳು ಕಾಯಿಸುತ್ತದೆ ಎಂಬ ಒಂದೇ ಲೆಕ್ಕದಿಂದ ಅದನ್ನು ತೂಗುವುದು ನನಗೆ ಸರಿ ಕಾಣುವುದಿಲ್ಲ. ಕಾಯುತ್ತಿರುವ ಮನುಷ್ಯನಿಗೆ ತನ್ನ ಸರದಿ ಯಾವಾಗ ಎಂದು ತಿಳಿಯುತ್ತದೆಯೇ, ತಡವಾದರೆ ಕಾರಣ ಹೇಳುವವರಿದ್ದಾರೆಯೇ, ಬೇಡವೆಂದರೆ ಏಕೆಂದು ಕೇಳಲು ಎಲ್ಲಾದರೂ ಜಾಗವಿದೆಯೇ ಎಂದು ನೋಡಬೇಕು. ಹಾಗೆ ನೋಡಿದರೆ ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳು ನೆಚ್ಚಿಕೊಂಡಿರುವ ಈ ವ್ಯವಸ್ಥೆ ಮೊದಲಿನಿಂದಲೂ ದುರ್ಬಲ. 2025ರಿಂದೀಚೆಗೆ ಇನ್ನಷ್ಟು ಕೆಟ್ಟಿದೆ.

ಈ ವೀಸಾ ಹುಟ್ಟಿದ್ದು 1990ರ ವಲಸೆ ಕಾಯ್ದೆಯಿಂದ. ವರ್ಷಕ್ಕೆ 65,000 ಎಂಬ ಮಿತಿಯೂ ಆಗಲೇ ಬಂತು. ನಡುವೆ ಅದು 1,95,000ದವರೆಗೆ ಏರಿ, 2004ರ ಹೊತ್ತಿಗೆ ಮತ್ತೆ 65,000ಕ್ಕೇ ಇಳಿಯಿತು. ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಪಡೆದವರಿಗೆಂದು 20,000 ಸೇರಿತು. ಅಲ್ಲಿನ ಹಣಕಾಸು ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ, ಅರ್ಜಿ ಹಾಕಬಹುದಾದದ್ದು ಅದಕ್ಕೆ ಆರು ತಿಂಗಳು ಮೊದಲು. ಬೇಡಿಕೆ ಹೆಚ್ಚಿದ ವರ್ಷಗಳಲ್ಲಿ ಏಪ್ರಿಲ್‌ನ ಮೊದಲ ವಾರದಲ್ಲೇ ಮಿತಿ ತುಂಬಿ ಲಾಟರಿ ಎತ್ತುವ ಪರಿಪಾಠ ಬಂತು. 2020ರಲ್ಲಿ ಪೂರ್ತಿ ಅರ್ಜಿಯ ಬದಲು ಮೊದಲು 10 ಡಾಲರಿಗೆ ಹೆಸರು ನೋಂದಾಯಿಸಿದರೆ ಸಾಕು ಎಂದರು. ಕಾಗದದ ಹೊರೆ ಇಳಿಯಿತು ನಿಜ, ಆದರೆ ಬಾಗಿಲು ಎಷ್ಟು ಸಲೀಸಾಯಿತೆಂದರೆ ಒಬ್ಬನ ಹೆಸರನ್ನು ಮೂರು ನಾಲ್ಕು ಕಂಪನಿಗಳಿಂದ ಹಾಕಿಸುವ ದಂಧೆಯೂ ಬೆಳೆಯಿತು. 2023ರ ಮಾರ್ಚ್‌ನ ನೋಂದಣಿಯಲ್ಲಿ ಅರ್ಹವೆಂದು ಲೆಕ್ಕಕ್ಕೆ ಬಂದ 7,58,994 ಹೆಸರುಗಳಲ್ಲಿ 4,08,891 ಇಂಥ ಒಂದಕ್ಕಿಂತ ಹೆಚ್ಚು ನೋಂದಣಿಯವು. ಒಂದೇ ಕಂಪನಿ, ಒಂದೇ ಕೆಲಸ ಎಂದು ನೇರವಾಗಿ ನಿಂತವರ ಅವಕಾಶವನ್ನು ಇವು ತಿಂದುಹಾಕಿದವು.

ಮರುವರ್ಷ ಮಾಡಿದ ತಿದ್ದುಪಡಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಂಪನಿಗಳು ಎಷ್ಟು ಸಲ ಹೆಸರು ಹಾಕಿದರೂ ಪಾಸ್‌ಪೋರ್ಟಿನ ಆಧಾರದ ಮೇಲೆ ಒಬ್ಬರಿಗೆ ಒಂದೇ ಚೀಟಿ ಎಂದು 2024ರಲ್ಲಿ ನಿಯಮ ಬದಲಾಯಿತು. ಅರ್ಹ ನೋಂದಣಿಗಳು ಆ ವರ್ಷ 4,70,342ಕ್ಕೂ, 2025ರಲ್ಲಿ 3,43,981ಕ್ಕೂ ಇಳಿದವು. 2025ರಲ್ಲಿ ಆಯ್ಕೆಯಾದದ್ದು 1,20,141, ಹೆಚ್ಚುಕಡಿಮೆ ಮೂರರಲ್ಲಿ ಒಂದು. ಮೋಸ ಕಡಿಮೆಯಾಯಿತು ಎಂಬುದಕ್ಕಿಂತ ನನಗೆ ಮುಖ್ಯವೆನಿಸಿದ್ದು ಬೇರೆ: ಈ ವ್ಯವಸ್ಥೆ ಕಂಪನಿಯನ್ನು ಬಿಟ್ಟು ಮನುಷ್ಯನನ್ನು ಎಣಿಸಿದ್ದು ಅದೇ ಮೊದಲು.

ಎಣಿಸಿದ್ದಷ್ಟೇ, ಅದರಾಚೆಗೆ ಆ ಮನುಷ್ಯನಿಗೆ ಅಲ್ಲಿ ಸ್ಥಾನವಿಲ್ಲ. ಕಾನೂನಿನ ಕಣ್ಣಲ್ಲಿ ಅರ್ಜಿದಾರ ಕಂಪನಿ. ಲಾಟರಿಯ ಫಲಿತಾಂಶ ಬರುವುದು ಕಂಪನಿಯ ಖಾತೆಗೆ. ಹೆಚ್ಚಿನ ಪುರಾವೆ ಬೇಕೆಂಬ ನೋಟಿಸ್ ಹೋಗುವುದು ಕಂಪನಿಯ ವಕೀಲರಿಗೆ. ಐ-797 ಎಂಬ ಅನುಮೋದನೆ ಪತ್ರವೂ ಅತ್ತಲೇ. ಬದುಕನ್ನೇ ಕಿತ್ತು ನೆಡಬೇಕಾದವನಿಗೆ ಸಿಗುವುದು ಕಂಪನಿ ದೊಡ್ಡ ಮನಸ್ಸು ಮಾಡಿ ಕಳಿಸಿದರೆ ಒಂದು ರಸೀದಿ ಸಂಖ್ಯೆ. ಅದನ್ನು ವಲಸೆ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ‘ಅರ್ಜಿ ತಲುಪಿದೆ’ ಎಂಬರ್ಥದ ಒಂದು ಸಾಲು ಕಾಣುತ್ತದೆ. ನನ್ನ ಅಕ್ಕನ ಮಗ ಊಟದ ಮಧ್ಯೆಯೂ ಫೋನಿನಲ್ಲಿ ಆ ಸಾಲನ್ನು ತೆರೆದು ನೋಡುತ್ತಿದ್ದ. ಒಂದು ದಿನ ತಡೆಯಲಾರದೆ, ನೇರವಾಗಿ ಕೇಳಿಬಿಡಬಾರದೇನೋ ಎಂದೆ. “ನಾನು ಕೇಳೋ ಹಾಗಿಲ್ಲ ಮಾಮ. ಲಾಯರ್ ಕೇಳ್ಬೇಕು. ಲಾಯರ್‌ನ ಎಚ್‌ಆರ್ ಕೇಳ್ಬೇಕು. ಎಚ್‌ಆರ್‌ಗೆ ನಾನು ಮೇಲ್ ಹಾಕಿ ಎರಡು ವಾರ ಆಯ್ತು,” ಅಂದ. ತನ್ನದೇ ಕಡತದ ಬಗ್ಗೆ ವಿಚಾರಿಸಲು ಮೂರು ಮನೆ ದಾಟಬೇಕಾದ ಈ ಸ್ಥಿತಿಯೇ ಈ ಪದ್ಧತಿಯ ಮೂಲದೋಷ. ತಡ, ಶುಲ್ಕ, ಲಾಟರಿ ಎಲ್ಲ ಆಮೇಲಿನ ಮಾತು.

ದೋಷ ಎಲ್ಲಿ ಚುಚ್ಚುತ್ತದೆ ಎಂಬುದು ಇಲ್ಲಿನ ಕ್ಯಾಲೆಂಡರ್ ಇಟ್ಟುಕೊಂಡು ಕೂತರೆ ಗೊತ್ತಾಗುತ್ತದೆ. ಮಾರ್ಚ್ ಕೊನೆಗೆ ಹೆಸರು ಬಂತು ಅನ್ನಿ. ಅರ್ಜಿ ಸಲ್ಲಿಸಲು ಜೂನ್ ಕೊನೆಯವರೆಗೆ ಗಡುವು. ಕೆಲಸ ಶುರುವಾಗಬೇಕಾದದ್ದು ಅಕ್ಟೋಬರ್ 1. ಬೆಂಗಳೂರಿನ ಎಷ್ಟೋ ಐಟಿ ಕಂಪನಿಗಳಲ್ಲಿ ನೋಟಿಸ್ ಅವಧಿ 90 ದಿನ. ಅಂದರೆ ಅಕ್ಟೋಬರ್‌ಗೆ ಹೊರಡುವವರು ಜುಲೈ ಮೊದಲಲ್ಲೇ ರಾಜೀನಾಮೆ ಕೊಡಬೇಕು. ಆಗಿನ್ನೂ ಎಷ್ಟೋ ಸಲ ಅರ್ಜಿಯೇ ಅನುಮೋದನೆಯಾಗಿರುವುದಿಲ್ಲ, ಪಾಸ್‌ಪೋರ್ಟಿನಲ್ಲಿ ಮುದ್ರೆ ಬೀಳುವುದಂತೂ ದೂರ. ಮಗುವಿನ ಶಾಲೆ ಜೂನ್‌ಗೆ ತೆರೆಯುತ್ತದೆ, ವರ್ಷದ ಶುಲ್ಕ ಕಟ್ಟಬೇಕು. ಬಾಡಿಗೆ ಮನೆ ಬಿಡುವುದಾದರೆ ಮಾಲೀಕರಿಗೆ ಮುಂಚೆಯೇ ಹೇಳಬೇಕು, ಹೇಳದಿದ್ದರೆ ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳುತ್ತಾರೆ. ಮದುವೆ ಮಾತುಕತೆ ನಡೆಯುತ್ತಿದ್ದರೆ ಆ ಕಡೆಯವರಿಗೂ ಖಚಿತವಾದ ಉತ್ತರ ಬೇಕು. ಹೆಚ್ಚುವರಿ ಶುಲ್ಕ ಕಟ್ಟಿ ತ್ವರಿತ ಪರಿಶೀಲನೆ ತೆಗೆದುಕೊಳ್ಳುವ ಕಂಪನಿಗಳಿವೆ. 15 ಕೆಲಸದ ದಿನಗಳಲ್ಲಿ ಇಲಾಖೆ ಏನಾದರೊಂದು ಹೇಳುತ್ತದೆ. ಆ ದುಡ್ಡು ಚುರುಕುಗೊಳಿಸುವುದು ವಲಸೆ ಇಲಾಖೆಯ ಮೇಜನ್ನು ಮಾತ್ರ. ಕಾನ್ಸುಲೇಟಿನ ಮೇಜು ಬೇರೆ.

ಆ ಮೇಜಿಗೂ ಕನ್ನಡಿಗರು ಊರು ಬಿಟ್ಟೇ ಹೋಗಬೇಕು. 2025ರ ಜನವರಿ 17ರಂದು ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗ ಊರೆಲ್ಲ ಸಂಭ್ರಮಪಟ್ಟಿತು, ಆದರೆ ತೆರೆದಾಗ ಅದರಲ್ಲಿ ವೀಸಾ ಸೇವೆ ಇರಲಿಲ್ಲ. ಸಂದರ್ಶನಕ್ಕೆ ಚೆನ್ನೈ, ಹೈದರಾಬಾದ್ ತಪ್ಪಲಿಲ್ಲ. ಸ್ಲಾಟ್ ಸಿಕ್ಕಿ ಹೋದರೆ, ಎರಡು ನಿಮಿಷದ ಮಾತು ಮುಗಿಸಿ 221(ಜಿ) ಎಂದು ಬರೆದ ಚೀಟಿ ಕೈಗಿಡುವುದುಂಟು. ಇನ್ನಷ್ಟು ಪರಿಶೀಲನೆ ಬಾಕಿ ಎಂದು ಅದರ ಅರ್ಥ. ಕಾನೂನಿನ ಲೆಕ್ಕದಲ್ಲಿ ಅದು ನಿರಾಕರಣೆಯೇ. ಎಷ್ಟು ದಿನ ಎಂದು ಅದರಲ್ಲಿ ಇರುವುದಿಲ್ಲ. ಕಾನ್ಸುಲರ್ ಅಧಿಕಾರಿ ವೀಸಾ ನಿರಾಕರಿಸಿದರೆ ಅದನ್ನು ಮರುಪರಿಶೀಲಿಸಲು ಅಮೆರಿಕದ ನ್ಯಾಯಾಲಯಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಚಿಲ್ಕೂರಿನ ಬಾಲಾಜಿ ಗುಡಿಯಲ್ಲಿ 11 ಪ್ರದಕ್ಷಿಣೆ ಹಾಕಿ, ವೀಸಾ ಸಿಕ್ಕರೆ 108 ಹಾಕುತ್ತೇನೆಂದು ಹರಕೆ ಹೊರುವವರನ್ನು ಕಂಡು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಮೇಲ್ಮನವಿಗೆ ಬೇರೆಲ್ಲೂ ಜಾಗವಿಲ್ಲದವರು ಇನ್ನೆಲ್ಲಿಗೆ ಹೋಗಬೇಕು?

2025ರ ಡಿಸೆಂಬರ್‌ನಲ್ಲಿ ಇದು ಮಿತಿ ಮೀರಿತು. ಎಚ್-1ಬಿ ಮತ್ತು ಅವರ ಕುಟುಂಬದ ಎಚ್-4 ಅರ್ಜಿದಾರರ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ನೋಡುತ್ತೇವೆ, ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ತೆರೆದಿಡಿ ಎಂಬ ನಿಯಮ 15ರಿಂದ ಜಾರಿಯಾಯಿತು. ಅದಕ್ಕೆ ಸಮಯ ಬೇಕೆಂದು, ಆ ತಿಂಗಳ ಕೊನೆಯ ಎರಡು ವಾರಗಳಲ್ಲಿ ಭಾರತದಲ್ಲಿ ನಿಗದಿಯಾಗಿದ್ದ ಎಷ್ಟೋ ಸಂದರ್ಶನಗಳನ್ನು ಮುಂದಿನ ಮಾರ್ಚ್‌ಗೆ, ಅದರಾಚೆಗೆ ತಳ್ಳಿದರು. ಹಳೆಯ ತಾರೀಕಿಗೆ ಬಂದರೆ ಒಳಗೆ ಬಿಡುವುದಿಲ್ಲ ಎಂದು ರಾಯಭಾರ ಕಚೇರಿಯೇ ಪ್ರಕಟಿಸಿತು. ಅಮೆರಿಕದಲ್ಲಿ ಮನೆ, ಮಕ್ಕಳ ಶಾಲೆ, ಕಾರಿನ ಸಾಲ ಬಿಟ್ಟು, ಎರಡು ವಾರದ ರಜೆಯಲ್ಲಿ ಸ್ಟ್ಯಾಂಪಿಂಗ್ ಮುಗಿಸಿಕೊಂಡು ಹೋಗೋಣವೆಂದು ಬಂದವರು ತಿಂಗಳುಗಟ್ಟಲೆ ಇಲ್ಲೇ ಸಿಕ್ಕಿಬಿದ್ದರು. ಸ್ವದೇಶದಲ್ಲಿ ಅಥವಾ ವಾಸವಿರುವ ದೇಶದಲ್ಲೇ ಸಂದರ್ಶನ ಮುಗಿಸಬೇಕೆಂದು ಸೆಪ್ಟೆಂಬರ್‌ನಲ್ಲಿ ಹೇಳಿದ್ದರಿಂದ ಮೂರನೆಯ ದೇಶಕ್ಕೆ ಹೋಗಿ ಪ್ರಯತ್ನಿಸುವ ಹಾದಿಯೂ ಮುಚ್ಚಿತ್ತು. ಪರಿಶೀಲನೆ ಬೇಕಿದ್ದರೆ ಮಾಡಲಿ. ಕೊಟ್ಟ ತಾರೀಕನ್ನು ಕೊಟ್ಟವರೇ ಮುರಿದು, ಅದರ ನಷ್ಟವನ್ನೆಲ್ಲ ತಾರೀಕು ನಂಬಿ ಬಂದವರ ಮೇಲೆ ಹೇರುವುದನ್ನು ಯಾವ ಭದ್ರತೆಯ ಹೆಸರಿನಲ್ಲೂ ಸಮರ್ಥಿಸಲಾಗದು.

ನನಗೆ ಇನ್ನೂ ಗಂಭೀರವೆನಿಸುವುದು 2025ರ ಸೆಪ್ಟೆಂಬರ್ 19ರ ಘೋಷಣೆ. ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್. ಆ ಶನಿವಾರ ಭಾನುವಾರ ವಿಮಾನ ನಿಲ್ದಾಣಗಳಲ್ಲಿ ಆದ ಗಾಬರಿಯನ್ನು ಎಲ್ಲರೂ ಬರೆದರು. ಒಂದು ತಿಂಗಳ ನಂತರ, ಅಕ್ಟೋಬರ್ 20ರಂದು ಬಂದ ವಿವರಣೆಯನ್ನು ಅಷ್ಟು ಗಮನವಿಟ್ಟು ಓದಿದವರು ಕಡಿಮೆ. ಅಮೆರಿಕದಲ್ಲೇ ವಿದ್ಯಾರ್ಥಿ ವೀಸಾದಲ್ಲಿದ್ದು ಅಲ್ಲಿಂದಲೇ ಎಚ್-1ಬಿಗೆ ಬದಲಾಗುವವರಿಗೆ ಈ ಶುಲ್ಕ ಇಲ್ಲ. ಹೊರದೇಶದಲ್ಲಿ ಕೂತು ಕಾಯುವವರಿಗೆ ಇದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಲಕ್ಷಗಟ್ಟಲೆ ಸಾಲ ಮಾಡಿ ಓದಿದವನಿಗೆ ದಾರಿ ತೆರೆದಿದೆ. ಸುರತ್ಕಲ್ಲಿನಲ್ಲೋ ಹುಬ್ಬಳ್ಳಿಯಲ್ಲೋ ಓದಿ, ಇಲ್ಲೇ ಹತ್ತು ವರ್ಷ ದುಡಿದು, ಅನುಭವದ ಬಲದಿಂದಲೇ ಕರೆ ಬಂದವಳಿಗೆ ಗೋಡೆ ಎದ್ದಿದೆ. ಜಾಣ್ಮೆ ಇಬ್ಬರಲ್ಲೂ ಒಂದೇ ಇರಬಹುದು. ನಿಂತ ಜಾಗ ಬೇರೆ ಎಂಬುದಕ್ಕೆ ಒಂದು ಲಕ್ಷ ಡಾಲರ್.

ಡಿಸೆಂಬರ್ ಕೊನೆಗೆ ಲಾಟರಿಯ ಸ್ವರೂಪವನ್ನೂ ಬದಲಿಸಿದರು. ಸಂಬಳದ ಶ್ರೇಣಿ ನಾಲ್ಕು. ಮೊದಲ ಶ್ರೇಣಿಯವರಿಗೆ ಒಂದು ಚೀಟಿ, ನಾಲ್ಕನೆಯವರಿಗೆ ನಾಲ್ಕು. ಕಡಿಮೆ ಸಂಬಳಕ್ಕೆ ಜನ ತಂದು ಅಲ್ಲಿನ ಕೆಲಸಗಾರರ ಅನ್ನ ಕಸಿಯುವುದನ್ನು ತಡೆಯುತ್ತೇವೆ ಎಂಬ ಕಾರಣ ಕೇಳಲು ನ್ಯಾಯವಾಗಿದೆ. ಆ ದೂರಿನಲ್ಲಿ ಹುರುಳಿದೆ ಎಂದು ನಾನೂ ಒಪ್ಪುತ್ತೇನೆ. ಕೆಲಸವೇ ಇಲ್ಲದೆ ಅರ್ಜಿ ಹಾಕಿ, ಆಮೇಲೆ ಜನರನ್ನು ಬಾಡಿಗೆಗೆ ಬಿಡುವ ಏಜೆನ್ಸಿಗಳು ನಮ್ಮವರದೇ ಇವೆ, ಅವು ಕೆಡಿಸಿದ್ದು ನಮ್ಮ ಹುಡುಗರ ಹೆಸರನ್ನೇ. ಆದರೆ ಈ ಶ್ರೇಣಿ ಲೆಕ್ಕವಾಗುವುದು ಆಯಾ ವೃತ್ತಿ, ಆಯಾ ಊರಿನ ಸಂಬಳಕ್ಕೆ ಹೋಲಿಸಿ. ಹಾಗಾಗಿ ದುಬಾರಿ ನಗರದಲ್ಲಿ ದೊಡ್ಡ ಸಂಬಳ ಪಡೆಯುವ ಹೊಸಬ ಮೊದಲ ಶ್ರೇಣಿಯಲ್ಲಿ ಉಳಿದು, ಸಣ್ಣ ಊರಿನಲ್ಲಿ ಅವನಿಗಿಂತ ಕಡಿಮೆ ಪಡೆಯುವ ಹಳಬ ನಾಲ್ಕನೆಯದಕ್ಕೆ ಏರಬಹುದು. ಕುರುಡು ಲಾಟರಿಯಲ್ಲಿ ಕೊನೆಪಕ್ಷ ಎಲ್ಲರ ಚೀಟಿಯೂ ಒಂದೇ ತೂಕದ್ದಾಗಿತ್ತು.

ಬೇರೆ ದಾರಿ ಇಲ್ಲವೇ ಎಂದರೆ ಜರ್ಮನಿಯ ಕಡೆ ನೋಡಬಹುದು. 2020ರ ಮಾರ್ಚ್‌ನಿಂದ ಅಲ್ಲಿ ಜಾರಿಯಲ್ಲಿರುವ ಕಾನೂನಿನಲ್ಲಿ ಕುಶಲ ಕೆಲಸಗಾರರಿಗೆಂದು ತ್ವರಿತ ವಿಧಾನವೊಂದಿದೆ. ಕಂಪನಿ 411 ಯೂರೋ ಕಟ್ಟುತ್ತದೆ. ಸ್ಥಳೀಯ ಕಚೇರಿಯ ಪೂರ್ವಾನುಮತಿ ಬಂದ ಮೇಲೆ ಮೂರು ವಾರದೊಳಗೆ ಸಂದರ್ಶನದ ತಾರೀಕು, ಪೂರ್ತಿ ಅರ್ಜಿ ಕೊಟ್ಟ ಮೇಲೆ ಸಾಮಾನ್ಯವಾಗಿ ಮೂರು ವಾರದೊಳಗೆ ತೀರ್ಮಾನ. ಕಂಪನಿ ಈ ವಿಧಾನದಲ್ಲಿ ಓಡಾಡುವುದು ಕೆಲಸಗಾರ ಬರೆದುಕೊಟ್ಟ ಅಧಿಕಾರಪತ್ರದ ಮೇಲೆ. ಅರ್ಜಿ ಅವನದು, ಕಂಪನಿ ಅವನ ಪರವಾಗಿ ನಿಲ್ಲುತ್ತದೆ. ವೀಸಾ ನಿರಾಕರಿಸಿದರೆ ಬರ್ಲಿನ್ನಿನ ಆಡಳಿತ ನ್ಯಾಯಾಲಯಕ್ಕೆ ಹೋಗಬಹುದು. 2024ರ ಅಕ್ಟೋಬರ್‌ನಲ್ಲಿ ಭಾರತೀಯ ಕುಶಲ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿಯೂ ಆ ದೇಶ ಹೇಳಿತು. ಅಲ್ಲಿ ಎಲ್ಲವೂ ಹೂವಿನ ಹಾದಿಯಲ್ಲ: ಭಾಷೆ ಕಲಿತು, ಪದವಿಗೆ ಮಾನ್ಯತೆ ಪಡೆಯುವಷ್ಟರಲ್ಲಿ ನಮ್ಮ ನರ್ಸ್‌ಗಳು ಹೈರಾಣಾಗುತ್ತಾರೆ. ಆದರೂ ಮುಂದಿನ ಮೆಟ್ಟಿಲು ಯಾವುದು, ಯಾರನ್ನು ಕೇಳಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ಅಮೆರಿಕಕ್ಕೂ ಇದು ಅಸಾಧ್ಯವೇನಲ್ಲ. 2024ರ ಜನವರಿ ಕೊನೆಯಿಂದ ಏಪ್ರಿಲ್ 1ರವರೆಗೆ, 20,000 ಅರ್ಜಿಗಳ ಮಿತಿಯಲ್ಲಿ, ಹಿಂದೆ ಭಾರತ ಅಥವಾ ಕೆನಡಾದಲ್ಲಿ ವೀಸಾ ಪಡೆದಿದ್ದ ಎಚ್-1ಬಿ ಕೆಲಸಗಾರರಿಗೆ ದೇಶ ಬಿಡದೆ ಅಲ್ಲೇ ವೀಸಾ ನವೀಕರಿಸಿಕೊಡುವ ಪ್ರಯೋಗವನ್ನು ಅದೇ ವಿದೇಶಾಂಗ ಇಲಾಖೆ ಮಾಡಿತ್ತು. ಅದನ್ನು ಕಾಯಂ ಮಾಡಿದ್ದರೆ 2025ರ ಡಿಸೆಂಬರ್‌ನಲ್ಲಿ ಇಲ್ಲಿ ಸಿಕ್ಕಿಬಿದ್ದವರಲ್ಲಿ ಎಷ್ಟೋ ಮಂದಿ ವಿಮಾನ ಹತ್ತಬೇಕಾಗಿಯೇ ಇರಲಿಲ್ಲ. ಅನುಮೋದನೆ ಪತ್ರದ ಒಂದು ಪ್ರತಿಯನ್ನು ಕೆಲಸಗಾರನಿಗೂ ಕಳಿಸಲು ವಲಸೆ ಇಲಾಖೆಗೆ ಒಂದು ಇ-ಮೇಲಿನಷ್ಟು ಖರ್ಚು.

ನಮ್ಮ ಕಡೆಯ ಪಾಲೂ ಇದೆ. ಆ 90 ದಿನದ ನೋಟಿಸ್ ಅವಧಿಯನ್ನು ಯಾವ ಪರದೇಶವೂ ಹೇರಿಲ್ಲ. ಅದು ಬೆಂಗಳೂರಿನ ಕಂಪನಿಗಳು ತಾವೇ ಬರೆದುಕೊಂಡ ಷರತ್ತು. ವೀಸಾ ಮುದ್ರೆ ಬಿದ್ದ ಮೇಲೆ 30 ದಿನದಲ್ಲಿ ಬಿಡುಗಡೆ, ವೀಸಾ ಬರದಿದ್ದರೆ ರಾಜೀನಾಮೆ ಹಿಂಪಡೆಯುವ ಅವಕಾಶ ಎಂದು ಎರಡು ಸಾಲು ಸೇರಿಸಿದರೆ, ಜುಲೈ ತಿಂಗಳಲ್ಲಿ ಒಬ್ಬ ಕೆಲಸಗಾರ ಕೈಯಲ್ಲಿರುವ ನೌಕರಿಯನ್ನು ಕೈಗೆ ಬಾರದ ನೌಕರಿಗಾಗಿ ಪಣಕ್ಕಿಡಬೇಕಾಗುವುದಿಲ್ಲ. ಹೋಗುವವರನ್ನು ಹಿಡಿದಿಡಲು ಇಟ್ಟ ಷರತ್ತು ಹೋಗಲಾರದವರನ್ನೂ ಬೀದಿಗೆ ತರುತ್ತಿದೆ ಎಂಬುದನ್ನು ನಮ್ಮ ಉದ್ಯಮ ಸಂಘಗಳು ಮುಂದಿನ ನೋಂದಣಿಗೆ ಮೊದಲೇ ಚರ್ಚೆಗೆ ತರಬೇಕು.